ಚೀಲ ತೆರೆದು ತೋರಿಸಿ

ಬಸ್ಸು ಬೇಲಿಯ ಎದುರು ನಿಂತಾಗ ಲೀತ್ ಗ್ಯಾರಿಟಿ ಮೊದಲು ಮಾಡಿದ ಕೆಲಸ ತನ್ನ ಅಂಗಿಯ ಕಾಲರನ್ನು ಮೂಸಿ ನೋಡಿಕೊಂಡದ್ದು. ರಬ್ಬರು, ಒಣಹುಲ್ಲು, ಹಳೆಯ ಕ್ರಿಕೆಟ್ ಪ್ಯಾಡು. ಮೂರು ವಾರದಿಂದ ಶಾಲೆಯ ಆಟದ ಸಾಮಾನಿನ ಶೆಡ್ಡಿನಲ್ಲಿ ಮಲಗುವ ಮೇಷ್ಟ್ರ ಮೈ ಬೇರೆ ಯಾವ ವಾಸನೆ ಹೊಡೆಯಬೇಕು? ಮಕ್ಕಳು ಬರುವ ಮೊದಲೇ ಶೌಚಾಲಯದ ಸಿಂಕಿಗೆ ತಲೆಯೊಡ್ಡಿ ಕೈತೊಳೆಯುವ ಸೋಪಿನಲ್ಲೇ ಉಜ್ಜಿಕೊಂಡರೂ ಅದು ಹೋಗುತ್ತಿರಲಿಲ್ಲ. ಹೆಂಡತಿ ಮೊಯಿರಾ ಅವನನ್ನು ಹೊರಗೆ ಹಾಕುವಾಗ ಜಗಳ ಕೂಡ ಆಡಿರಲಿಲ್ಲ. ಒಗೆದ ಬಟ್ಟೆಗಳನ್ನು ನೀಟಾಗಿ ಮಡಿಸಿ ಒಂದು ನೀಲಿ ಚೀಲದಲ್ಲಿ ತುಂಬಿ, ಜಿಪ್ಪು ಎಳೆದು, ಮರುದಿನದ ಕಸದ ಗಾಡಿಗೆ ಇಡುವ ಹಾಗೆ ಬಾಗಿಲ ಹೊರಗೆ ಇಟ್ಟಿದ್ದಳು. ಆ ಚೀಲ ಈಗ ಅವನ ತೊಡೆಯ ಮೇಲಿತ್ತು. ಇವತ್ತು ಶುಕ್ರವಾರ, ಶಾಲೆ ನೋಡಿಕೊಳ್ಳುವ ಮುದುಕ ಶೆಡ್ಡು ಗುಡಿಸುವ ದಿನ, ಬಿಟ್ಟು ಬರುವಂತಿರಲಿಲ್ಲ. ಹಿಂದೆ ಇಪ್ಪತ್ತಾರು ಮಕ್ಕಳು ಹಕ್ಕಿಗಳ ಹೆಸರನ್ನು ಫುಟ್ಬಾಲ್ ತಂಡದವರ ಹೆಸರಿನಂತೆ ಕೂಗುತ್ತಿದ್ದವು. ಎದುರಿಗೆ ಪಕ್ಷಿಧಾಮದ ಆ ಬೇಲಿ: ಎರಡು ಮೀಟರ್ ಎತ್ತರದ, ಕಿರುಬೆರಳೂ ತೂರದ ಉಕ್ಕಿನ ಬಲೆ, ಮೇಲೆ ಹೊರಕ್ಕೆ ಬಾಗಿದ ತಗಡಿನ ಟೋಪಿ. ಗೇಟಿನ ಆಚೀಚಿನ ಕಂಬಗಳಿಗೆ ದಾನಿಗಳ ಹೆಸರಿನ ಫಲಕ. ಹಲ್ಲಿನ ಡಾಕ್ಟರರು, ಮನೆ ಮಾರುವ ದಳ್ಳಾಳಿಗಳು, ಸತ್ತುಹೋದ ಅಜ್ಜಿಯರು. ನ್ಯೂಜಿಲೆಂಡಿನಲ್ಲಿ ಮನುಷ್ಯನಿಗೆ ಬಾಡಿಗೆಗೆ ಒಂದು ಕೋಣೆ ಸಿಗುವುದಿಲ್ಲ, ನೆಟ್ಟಗೆ ಹಾರಲೂ ಬಾರದ ಹಕ್ಕಿಗೆ ಎಂಟು ಕಿಲೋಮೀಟರಿನ ಕಾಂಪೌಂಡು ಸಿಗುತ್ತದೆ ಎಂದುಕೊಂಡ. ಹಾಗಂದುಕೊಂಡ ಕೂಡಲೇ, ತನಗೆ ಹಕ್ಕಿಗಳ ಮೇಲೆ ಹೊಟ್ಟೆಕಿಚ್ಚು ಅನ್ನುವುದು ಹೊಳೆದು ಇನ್ನಷ್ಟು ಅಸಹ್ಯವಾಯಿತು.

ಒಳಗೆ ಹೋಗಲು ಎರಡು ಬಾಗಿಲು, ನಡುವೆ ಬಲೆಯ ಕೋಣೆ. ಹಿಂದಿನ ಬಾಗಿಲು ಮುಚ್ಚಿಕೊಳ್ಳದೆ ಮುಂದಿನದು ತೆರೆಯುವುದಿಲ್ಲ. ಅಲ್ಲಿ ಹಸಿರು ಜಾಕೆಟ್ಟು ತೊಟ್ಟ ಹೆಸ್ಟರ್ ಎಂಬ ಎಪ್ಪತ್ತರ ಹೆಂಗಸು ಕಾಯುತ್ತಿದ್ದಳು. ಸಂಬಳವಿಲ್ಲದ ಸೇವೆ, ಕೊರಳಲ್ಲಿ ದುರ್ಬೀನು, ಮುಖದಲ್ಲಿ ಯಾರನ್ನೂ ಬೈಯದವರ ಆ ತಿಳಿನಗೆ. ಇಂಥ ಹೆಂಗಸರು ಹಿಂದೆ ಚರ್ಚಿನಲ್ಲಿ ಹೂ ಜೋಡಿಸುತ್ತಿದ್ದರು, ಈಗ ಇಲಿ ಕೊಲ್ಲುತ್ತಾರೆ, ನಗು ಮಾತ್ರ ಅದೇ.

"ಎಲ್ಲಾರೂ ಬ್ಯಾಗು ತೆಗೀರಿ ಚಿನ್ನ. ಮೇಲ್ಮೇಲೆ ಇಣುಕೋದಲ್ಲ, ತಳದವರೆಗೂ ಕೈ ಹಾಕ್ಬೇಕು. ಆರು ವರ್ಷದಿಂದ ಈ ಬೇಲಿ ಒಳಗೆ ಒಂದೇ ಒಂದು ಇಲಿ ಇಲ್ಲ. ಇವತ್ತು ಮಧ್ಯಾಹ್ನ ಹೊಸ ಹಕ್ಕಿಗಳು ಬರ್ತಿದಾವೆ."

"ಮಿಸ್, ಒಂದು ಇಲಿ ಬಂದ್ರೆ ಏನಾಗುತ್ತೆ?"

"ಮೊಟ್ಟೆ ತಿನ್ನುತ್ತೆ, ಮರಿ ತಿನ್ನುತ್ತೆ. ಎಲ್ಲಾ ಮಣ್ಣುಪಾಲು."

"ಹಾಗಾದ್ರೆ ಫಿನ್‌ನ ಹೊರಗೇ ಬಿಡಿ ಮಿಸ್, ಅವನು ಎಲ್ಲಾರ ಊಟ ತಿಂತಾನೆ."

ಮಕ್ಕಳು ಬಿದ್ದು ಬಿದ್ದು ನಕ್ಕವು. ತಿರಿಯಾ ಪಾಯೆವಾಯ್ ನಗಲಿಲ್ಲ. ಹನ್ನೊಂದು ವರ್ಷದ ಹುಡುಗಿ ನೆಲದ ಮೇಲೆ ಮಂಡಿಯೂರಿ, ಮೂಲೆ ಹರಿದ ತನ್ನ ಹಳೆಯ ಚೀಲವನ್ನು ಪೂರ್ತಿ ಬೋರಲು ಹಾಕಿ ಕೊಡವಿ, ಒಳಜೇಬುಗಳನ್ನು ಹೊರಕ್ಕೆ ಎಳೆದು, ಹರಿದ ಮೂಲೆಯ ಅಸ್ತರಿನೊಳಗೂ ಬೆರಳಾಡಿಸಿ ನೋಡಿದಳು. ಶಾಲೆಯ ಹಿಂದಿನ ತೊರೆಯ ಉದ್ದಕ್ಕೂ ಇಟ್ಟಿರುವ ಬೋನುಗಳು ಅವಳ ಉಸ್ತುವಾರಿ. ಈ ವರ್ಷ ಅವಳಷ್ಟು ಹೆಗ್ಗಣ ಹಿಡಿದವರು ಊರಿನ ಯಾವ ಶಾಲೆಯಲ್ಲೂ ಇರಲಿಲ್ಲ. ಅದಕ್ಕೇ ಇವತ್ತು ಹಕ್ಕಿಗಳ ಪೆಟ್ಟಿಗೆಯ ಬಾಗಿಲನ್ನು ತೆರೆಯಲು ಅವಳನ್ನು ಆರಿಸಿದ್ದರು. ತಿಂಗಳಿಂದ ಅವಳು ಬೇರೆ ಮಾತೇ ಆಡಿರಲಿಲ್ಲ. ಅವಳ ಅಜ್ಜಿ ಕೂದಲನ್ನು ಬಿಗಿಯಾಗಿ ಎರಡು ಜಡೆ ಹಾಕಿ ಕಳಿಸಿದ್ದಳು. ಮಗುವಿನ ಹುಬ್ಬು ಮೇಲಕ್ಕೆ ಎಳೆದುಕೊಂಡು ಸದಾ ಆಶ್ಚರ್ಯಪಡುತ್ತಿರುವಂತೆ ಕಾಣುತ್ತಿತ್ತು. "ದೊಡ್ಡೋರು ನಿಮ್ಮ ನಿಮ್ಮದು ನೀವೇ ನೋಡ್ಕೊಳ್ಳಿ" ಎಂದಳು ಹೆಸ್ಟರ್. ಗ್ಯಾರಿಟಿ ಜಿಪ್ಪನ್ನು ಎರಡು ಬೆರಳಿನಷ್ಟು ಎಳೆದ. ಬಿಳಿ ಬನಿಯನ್ನಿನ ಅಂಚು ಕಂಡಿತು. ಪಕ್ಕದಲ್ಲೇ ಆನೆಕಾ ಎಂಬ ತಾಯಿ ನಿಂತಿದ್ದಳು. ಮಗಳು ಸಾಸ್ಕಿಯಾ ಹೋದಲ್ಲೆಲ್ಲ ಸಹಾಯಕ್ಕೆಂದು ಬರುವ, ಶಾಲೆಯ ಆಡಳಿತ ಮಂಡಳಿಯಲ್ಲೂ ಇರುವ ಹೆಂಗಸು. ಅವನು ಜಿಪ್ಪು ಮುಚ್ಚಿದ. "ಏನಿಲ್ಲ" ಎಂದ. ಮುಂದಿನ ಬಾಗಿಲಿನ ಮೇಲಿನ ದೀಪ ಹಸಿರಾಯಿತು.

ಕಾಡು ಕಾಡಿನ ಹಾಗೇ ಇತ್ತು, ಅಂದರೆ ಒದ್ದೆ, ಕತ್ತಲು, ಮತ್ತು ಪ್ರತಿ ಇಪ್ಪತ್ತು ಹೆಜ್ಜೆಗೆ ಒಂದು ಫಲಕ. ಹೆಸ್ಟರ್ ಪಿಸುಗುಟ್ಟಿದರೆ ಮಕ್ಕಳೂ ಪಿಸುಗುಟ್ಟಬೇಕು, ಅವಳು ಬೆರಳೆತ್ತಿದರೆ ಉಸಿರು ಬಿಗಿಹಿಡಿಯಬೇಕು. ಒಂದು ಕಪ್ಪು ಹಕ್ಕಿ ಕೊಂಬೆಯ ಮೇಲೆ ಕೂತು ಬಾಗಿಲು ಕಿರುಗುಟ್ಟಿದಂತೆ ಕೂಗಿತು. ಅಷ್ಟಕ್ಕೇ ಆನೆಕಾ ಎದೆಯ ಮೇಲೆ ಕೈಯಿಟ್ಟುಕೊಂಡಳು. ನಮ್ಮ ಶತ್ರು ಯಾರು ಎಂದು ಹೆಸ್ಟರ್ ಕೇಳಿದರೆ ಇಪ್ಪತ್ತಾರು ಗಂಟಲು ಒಟ್ಟಿಗೆ, "ಇಲಿ! ಸ್ಟೋಟು! ಪಾಸಮ್ಮು!" ಇವರ ಅಜ್ಜಂದಿರೇ ಮೊಲ ತಿನ್ನಲೆಂದು ಮುಂಗುಸಿಯಂಥ ಸ್ಟೋಟನ್ನು ತಂದವರು, ತುಪ್ಪಳಕ್ಕೆಂದು ಮರ ಹತ್ತುವ ಪಾಸಮ್ಮನ್ನು ತಂದವರು. ಈಗ ಮೊಮ್ಮಕ್ಕಳು ಬೇಲಿ ಕಟ್ಟಿ ಕಣ್ಣೀರು ಒರೆಸಿಕೊಳ್ಳುತ್ತಾರೆ. ಹೀಗೆ ಯೋಚಿಸುತ್ತ ಹೋದರೆ ಅವನಿಗೆ ಒಂದು ಬಗೆಯ ಹಿತವಾಗುತ್ತಿತ್ತು. ಬೇರೆಯವರ ಸುಳ್ಳಿನ ನಡುವೆ ತನ್ನದು ಚಿಕ್ಕದಾಗಿ ಕಾಣುತ್ತಿತ್ತು. ಮುಂದೆ ಎರಡು ಜಡೆಗಳು ಕುಣಿಯುತ್ತ ನಡೆದಿದ್ದವು. ಹತ್ತು ದಿನದ ಹಿಂದೆ ಬೆಳಗ್ಗೆ ಏಳಕ್ಕೆ ಶೆಡ್ಡಿನ ಬಾಗಿಲು ತೆರೆದಾಗ ಬೆಳಕಿನಲ್ಲಿ ಮೊದಲು ಕಂಡದ್ದೂ ಈ ಜಡೆಗಳೇ. ಬೋನುಗಳನ್ನು ಇಡುವುದು ಅಲ್ಲೇ, ಬೀಗದ ಕೈ ಅವಳಲ್ಲೂ ಇತ್ತು, ಅವನಿಗೆ ನೆನಪಿರಲಿಲ್ಲ. ಜಿಮ್ಮಿನ ಚಾಪೆಗಳ ಮೇಲೆ ಚಡ್ಡಿಯಲ್ಲಿ ಎದ್ದು ಕೂತ ಮೇಷ್ಟ್ರನ್ನು ಅವಳು ನೋಡಿದಳು, ಹಲ್ಲುಜ್ಜುವ ಬ್ರಷ್ಷನ್ನು ನೋಡಿದಳು, ಎರಡು ಬೋನು ಎತ್ತಿಕೊಂಡಳು. "ನಮಸ್ಕಾರ ಮಾತುವಾ" ಎಂದಳು. ಅವಳ ಜನ ಮೇಷ್ಟ್ರಿಗೂ ಚಿಕ್ಕಪ್ಪನಿಗೂ ಕರೆಯುವ ಮಾತು ಅದು. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಳು. ಆಮೇಲೆ ದಿನವೂ ಬಾಗಿಲು ತಟ್ಟಿಯೇ ಬರುತ್ತಿದ್ದಳು. ಒಂದು ದಿನ ಚಾಪೆಯ ಮೇಲೆ ಕಾಗದದಲ್ಲಿ ಸುತ್ತಿದ ಕರಿದ ಬ್ರೆಡ್ಡು ಇತ್ತು, ಇನ್ನೂ ಬಿಸಿ. ಅವನು ಅದನ್ನು ನಿಂತಲ್ಲೇ, ಸಿಟ್ಟಿನಿಂದ, ಎಣ್ಣೆ ಮುಂಗೈಗೆ ಇಳಿಯುವಂತೆ ತಿಂದ. ಅದೇ ವಾರ ಅವಳು ಕಾಲು ಗಂಟೆ ತಡವಾಗಿ ತರಗತಿಗೆ ಬಂದಾಗ ಎಲ್ಲರೆದುರು ನಿಲ್ಲಿಸಿ, ಇಲಿ ಹಿಡಿಯುವುದೊಂದು ಬಂದರೆ ಬದುಕು ನಡೆಯುವುದಿಲ್ಲ ಎಂದು ಬೈದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಯಾಕೆ ಬೈಯುತ್ತಿದ್ದಾನೆಂದು ಅವಳಿಗೆ ಗೊತ್ತಿದೆ ಎಂದು ಅವನಿಗೂ ಗೊತ್ತಿತ್ತು.

ಊಟಕ್ಕೆ ಹುಲ್ಲುಹಾಸಿನ ಮೇಲಿನ ಚಪ್ಪರದಡಿ ಕೂತರು. ಚೀಲಗಳನ್ನೆಲ್ಲ ಒಂದು ರಾಶಿ ಹಾಕಲಾಯಿತು. ಗ್ಯಾರಿಟಿ ತನ್ನದನ್ನು ಬೆಂಚಿನ ಕಾಲಿಗೆ ಆನಿಸಿ ಇಟ್ಟು, ಬದಿಯ ಜೇಬಿನಿಂದ ಸ್ಯಾಂಡ್‌ವಿಚ್ಚು ತೆಗೆಯಲು ಕೈ ಹಾಕಿದ. ಪೊಟ್ಟಣ ತೂತಾಗಿತ್ತು. ಬ್ರೆಡ್ಡಿನ ಒಂದು ಅಂಚು ಕತ್ತರಿಯಾಡಿಸಿದಂತೆ ಸವೆದಿತ್ತು. ಬೆರಳಿಗೆ ಅಕ್ಕಿಕಾಳಿನಂಥ ಕಪ್ಪು ಹಿಕ್ಕೆ ಅಂಟಿತು. ಜೇಬಿನ ತಳದಲ್ಲಿ, ಚೀಲದ ಒಳಕ್ಕೆ ಹೋಗುವ ಕಡೆ, ಹೆಬ್ಬೆರಳು ಹೋಗುವಷ್ಟು ದುಂಡು ಕಂಡಿ. ಅವನು ಕೈಯನ್ನು ಹೊರಗೆಳೆದು ಪ್ಯಾಂಟಿಗೆ ಒರೆಸಿಕೊಂಡ. ಅಷ್ಟರಲ್ಲೇ, ತಾನು ಜೇಬು ಅಲುಗಿಸಿದ್ದರಿಂದಲೇ ಎಂದು ಆಮೇಲೆ ಅವನಿಗೆ ಖಾತ್ರಿಯಾಯಿತು, ಏನೋ ಬೂದುಬಣ್ಣದ್ದು ಬೆಂಚಿನ ಕೆಳಗಿಂದ ಚೀಲಗಳ ರಾಶಿಯ ಮೇಲೆ ಹಾದು, ತಿರಿಯಾಳ ಚೀಲದ ಪಕ್ಕದಿಂದ ಜಿಗಿದು ಜರಿಗಿಡಗಳೊಳಗೆ ಮಾಯವಾಯಿತು.

"ಇಲಿ! ಮಿಸ್, ಚಿಟ್ಟಿಲಿ!"

ಹೆಸ್ಟರಳ ಕೈಯ ಚಹಾ ಚೆಲ್ಲಿತು. ಮನೆಗೆ ಬೆಂಕಿ ಬಿದ್ದರೂ ಅವಳ ಮುಖ ಅಷ್ಟು ಬಿಳಿಚಿಕೊಳ್ಳುತ್ತಿರಲಿಲ್ಲ. ಅಂಗೈಯಲ್ಲಿ ಹಿಡಿಸುವ ಒಂದು ಪ್ರಾಣಿಗೆ ಮುದುಕಿಯೊಬ್ಬಳು ಮಂಡಿಯೂರಿ ನಡುಗುವುದನ್ನು ನೋಡಿ ಅವನಿಗೆ ನಗು ಬರಬೇಕಿತ್ತು, ಬರಲಿಲ್ಲ. ಅವಳು ಟಾರ್ಪಾಲು ಹಾಸಿ, "ಎಲ್ಲಾ ಬ್ಯಾಗೂ ಒಂದೊಂದಾಗಿ ಇಲ್ಲಿ ಸುರೀಬೇಕು. ದೊಡ್ಡೋರದ್ದೂ ಸೇರಿ" ಎಂದಳು. ಆ ಟಾರ್ಪಾಲಿನ ಮೇಲೆ ತನ್ನ ಚಡ್ಡಿಗಳು, ಕ್ಷೌರದ ಸಾಮಾನು, ಮಡಿಸಿದ ಹಾಸುಬಟ್ಟೆ, ಮೂಲವ್ಯಾಧಿಯ ಮುಲಾಮು. ಆನೆಕಾಳ ಕಣ್ಣು. ಸೋಮವಾರದ ಮಂಡಳಿ ಸಭೆ. ಅವನು ಇದನ್ನೆಲ್ಲ ಎಷ್ಟು ಸ್ಪಷ್ಟವಾಗಿ ಕಂಡನೆಂದರೆ ಅದು ಆಗಲೇ ನಡೆದುಹೋದಂತೆ ಕಿವಿ ಬಿಸಿಯಾದವು. ಸಾಸ್ಕಿಯಾ ಬೆರಳು ತೋರಿಸಿ, "ಅದು ತಿರಿಯಾನ ಬ್ಯಾಗಿಂದ ಬಂತು, ನಾನ್ ನೋಡ್ದೆ" ಎಂದಳು. ಹೆಸ್ಟರ್ ಮೊದಲು ಅದನ್ನೇ ಸುರಿದಳು. ಒಂದು ಸ್ವೆಟರು, ನೀರಿನ ಬಾಟಲಿ, ಕರಿದ ಬ್ರೆಡ್ಡಿನ ಚೂರು, ಮತ್ತು ಆ ಹರಿದ ಮೂಲೆ.

"ನಾನು ಗೇಟಲ್ಲಿ ಪೂರ್ತಿ ಕೊಡವಿದೀನಿ ಮಿಸ್. ಈ ತೂತು ಇಲಿ ಕಡಿದಿದ್ದಲ್ಲ. ಇಲಿ ಕಡಿದ್ರೆ ಹಿಂಗೆ ದಾರ ಇಳಿಬೀಳಲ್ಲ, ದುಂಡಗೆ ಇರುತ್ತೆ."

"ಯಾರೂ ನಿನ್ನ ಬೈತಿಲ್ಲ ಪುಟ್ಟ" ಎಂದಳು ಆನೆಕಾ. ಹೆಸ್ಟರ್ ಕಡೆ ವಾಲಿ, ಎಲ್ಲರಿಗೂ ಕೇಳಿಸುವ ಪಿಸುಮಾತಿನಲ್ಲಿ, "ಅವರ ಮನೇಲಿ ಒಂಬತ್ತು ಜನ ಇದಾರೆ. ಹಂಗಿರೋ ಕಡೆ ಇದೆಲ್ಲ ಇದ್ದಿದ್ದೇ ಅಲ್ವಾ. ಮಗು ತಪ್ಪೇನಿದೆ, ಪಾಪ."

ಪಾಪ ಎಂಬ ಮಾತಿನಿಂದ ತೀರ್ಮಾನವಾಯಿತು. ಸುರಿಯುವುದು ನಿಂತಿತು. ಇಲಿ ಬಂದ ಚೀಲ ಸಿಕ್ಕ ಮೇಲೆ ಉಳಿದವನ್ನು ಯಾಕೆ ಸುರಿಯಬೇಕು? ಹೆಸ್ಟರ್ ವಾಕಿಟಾಕಿಯಲ್ಲಿ ಯಾರಿಗೋ ಬೋನು ತರಲು ಹೇಳಿ, ತಿರಿಯಾಳ ಎದುರು ಕುಕ್ಕರಗಾಲಿನಲ್ಲಿ ಕೂತು, ನಿಯಮ ಎಂದರೆ ನಿಯಮ, ಅವಳ ಬಟ್ಟೆ ಚೀಲ ಹಕ್ಕಿ ಬಿಡುವ ಜಾಗಕ್ಕೆ ಬರುವಂತಿಲ್ಲ, ಹೊರಗೆ ಬಸ್ಸಿನ ಡ್ರೈವರಿನ ಹತ್ತಿರ ಕೂತಿರಬೇಕು ಎಂದು, ತನಗೂ ಅಳು ಬರುವಂತೆ ಹೇಳಿದಳು. ಪೆಟ್ಟಿಗೆಯನ್ನು ಬೇರೆ ಯಾರಾದರೂ ತೆರೆಯುತ್ತಾರೆ. ತಿರಿಯಾ ಆಗ ತಲೆಯೆತ್ತಿದಳು. ಹೆಸ್ಟರಳನ್ನಲ್ಲ, ಬೆಂಚಿನ ಕಾಲಿಗೆ ಆನಿಸಿದ್ದ ನೀಲಿ ಚೀಲವನ್ನು, ಅದರ ಬದಿಯ ಜೇಬನ್ನು, ಆಮೇಲೆ ಅವನನ್ನು ನೋಡಿದಳು. ಶೆಡ್ಡಿನಲ್ಲಿ ಎಷ್ಟು ಚಿಟ್ಟಿಲಿ ಇವೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳು ಈಗ ಬಾಯಿ ಬಿಡುತ್ತಾಳೆ. ಬಿಡಲಿ, ಬಿಟ್ಟುಬಿಡಲಿ ಎಂದು ಅವನು ಬೇಡಿಕೊಂಡ, ಬಿಡದಿರಲಿ ಎಂದೂ ಅದೇ ಉಸಿರಿನಲ್ಲಿ ಬೇಡಿಕೊಂಡ. "ಸರಿ ಮಿಸ್" ಎಂದು ಅವಳು ಸಾಮಾನುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿ, ಇನ್ನೊಬ್ಬ ಸ್ವಯಂಸೇವಕನ ಹಿಂದೆ ಗೇಟಿನ ಕಡೆ ನಡೆದಳು. ಹನ್ನೊಂದರ ಹುಡುಗಿ ತನ್ನನ್ನು ಕನಿಕರದಿಂದ ಉಳಿಸಿ ಹೋದಳು ಎನ್ನುವುದು ಅವನಿಗೆ ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು. ಸ್ಯಾಂಡ್‌ವಿಚ್ಚಿನ ಕಡಿಯದ ಭಾಗವನ್ನು ಆಗಲೇ ಬಾಯಿಗೆ ಇಟ್ಟುಕೊಂಡಿದ್ದ.

ಹಕ್ಕಿ ಬಿಡುವ ಬಯಲಿಗೆ ಹೋಗುವ ದಾರಿಯಲ್ಲಿ, ಒಂದು ತಿರುವಿನಲ್ಲಿ, ಅವನು ಹೆಸ್ಟರಳನ್ನು ತಡೆದು ನಿಲ್ಲಿಸಿದ. ಚೀಲ ಹೆಗಲ ಮೇಲೇ ಇತ್ತು.

"ಆ ಇಲಿ ಬಂದಿದ್ದು ನನ್ನ ಬ್ಯಾಗಿಂದ. ಆ ಹುಡುಗಿದಲ್ಲ."

ಹೆಸ್ಟರ್ ಅವನ ಮುಖ ನೋಡಿದಳು. ಅವಳ ಕಣ್ಣು ತುಂಬಿ ಬಂತು. ಅವನ ತೋಳಿನ ಮೇಲೆ ಕೈಯಿಟ್ಟು, "ನಿಮ್ಮಂಥ ಮೇಷ್ಟ್ರು ಎಲ್ಲಾ ಮಕ್ಕಳಿಗೂ ಸಿಗ್ಬೇಕು ರೀ" ಎಂದಳು. "ಆದ್ರೆ ಮಕ್ಕಳಿಗೆ ನಿಯಮ ಅಂದ್ರೇನು ಅಂತ ಗೊತ್ತಾಗ್ಲಿ. ಎಲ್ಲಾನೂ ನೀವೇ ಮೈಮೇಲೆ ಹಾಕ್ಕೋಬೇಡಿ."

"ಇಲ್ಲ, ನಿಜವಾಗ್ಲೂ ನನ್ನ..."

"ಗೊತ್ತು, ಗೊತ್ತು" ಎಂದು ಹಿಂದಿನಿಂದ ಬಂದ ಆನೆಕಾ ನಕ್ಕಳು. "ಮಿಸ್ಟರ್ ಗ್ಯಾರಿಟಿ ಬಹಳ ಮೃದು. ಮಂಡಳೀಲೂ ನಾನು ಇದನ್ನ ಹೇಳ್ತೀನಿ."

ಜಿಪ್ಪು ಎಳೆದರೆ ಸಾಕಿತ್ತು. ಅವನ ಬೆರಳು ಜಿಪ್ಪಿನ ಮೇಲೇ ಇತ್ತು. ಜಿಪ್ಪು ಎಳೆಯಲು ಬೇಕಾದದ್ದು ಧೈರ್ಯವಲ್ಲ, ಬರೀ ಎರಡು ಬೆರಳು ಎಂದು ತನಗೇ ಹೇಳಿಕೊಂಡ. ಹೇಳಿ ಆಯಿತಲ್ಲ, ನಂಬದಿದ್ದರೆ ತಾನೇನು ಮಾಡಲಿ ಎಂದೂ ಹೇಳಿಕೊಂಡ, ಮತ್ತು ಈ ಎರಡನೆಯ ಮಾತು ಎಷ್ಟು ಸಲೀಸಾಗಿ, ಎಷ್ಟು ಹಳೆಯ ಗುರುತಿನವನಂತೆ ಬಂದು ಪಕ್ಕದಲ್ಲಿ ಕೂತಿತು! ಮೊಯಿರಾಳಿಗೂ ಅವನು ಎಲ್ಲವನ್ನೂ ಹೀಗೇ ಹೇಳಿದ್ದ, ಅವಳು ನಂಬದ ಹೊತ್ತು ನೋಡಿ. ಬಯಲಿನಲ್ಲಿ, ಹಕ್ಕಿಗಳನ್ನು ಹಿಡಿದ ದ್ವೀಪದಿಂದ ಅವುಗಳ ಜೊತೆಗೇ ಬಂದಿದ್ದ ಮುದುಕಿಯೊಬ್ಬಳು ತಿರಿಯಾಳ ಜನರದೇ ಭಾಷೆಯಲ್ಲಿ ಪ್ರಾರ್ಥನೆ ಹೇಳಿದಳು. ತಿರಿಯಾ ಇದ್ದಿದ್ದರೆ ಅದಕ್ಕೆ ಸರಿಯಾಗಿ ಉತ್ತರ ಕೊಡುತ್ತಿದ್ದಳು. ಈಗ ಇಪ್ಪತ್ತೈದು ಮಕ್ಕಳು ಬಾಯಿ ಆಡಿಸಿದವು, ಅವನೂ ಆಡಿಸಿದ. ಪೆಟ್ಟಿಗೆಯ ಬಾಗಿಲನ್ನು ಸಾಸ್ಕಿಯಾ ಎತ್ತಿದಳು. ಅರೆಗಳಿಗೆ ಏನೂ ಆಗಲಿಲ್ಲ. ಆಮೇಲೆ ಬೆನ್ನ ಮೇಲೆ ತುಕ್ಕಿನ ಬಣ್ಣದ ಪಟ್ಟೆಯಿದ್ದ ಒಂದು ಕರಿಹಕ್ಕಿ, ಎರಡು, ಐದು, ಸಿಟ್ಟಿಗೆದ್ದಂತೆ ಕಿರುಚುತ್ತ ನೆಲಮಟ್ಟದಲ್ಲಿ ಹಾರಿ ಪೊದೆ ಹೊಕ್ಕವು. ಅಷ್ಟೇ. ನಾಲ್ಕು ಸೆಕೆಂಡಿನ ಕೆಲಸ. ಎಲ್ಲರೂ ಚಪ್ಪಾಳೆ ತಟ್ಟಿದರು. ತನ್ನ ಕೈಗಳೂ ತಟ್ಟುತ್ತಿರುವುದನ್ನು ಅವನು ನೋಡಿದ.

ಮಕ್ಕಳು ಫೋಟೋಕ್ಕೆ ನಿಂತಾಗ ಅವನು ಮೊದಲೇ ಹೊರಗೆ ಬಂದ. ಬಸ್ಸಿನಲ್ಲಿ ಡ್ರೈವರು ಟೋಪಿ ಮುಖಕ್ಕೆ ಇಟ್ಟು ಮಲಗಿದ್ದ. ತಿರಿಯಾ ಹುಲ್ಲಿನ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಅತ್ತಂತಿರಲಿಲ್ಲ. ಅತ್ತಿದ್ದರೆ ಅವನಿಗೆ ಮಾತಾಡಲು ಏನಾದರೂ ಸಿಗುತ್ತಿತ್ತು.

"ಎಷ್ಟು ಬಿಟ್ರು?"

"ಐದು."

"ಹಾರಿದ್ವಾ, ಓಡಿದ್ವಾ?"

"ಹಾರಿದ್ವು. ಕೆಳಗೇ." ಅವನು ಕೂತ. "ನಾನು ಅವರಿಗೆ ಹೇಳ್ದೆ ತಿರಿಯಾ. ನಂದು ಅಂತ ಹೇಳ್ದೆ. ನಂಬಲಿಲ್ಲ."

ಅವಳು ಚೀಲ ನೋಡಿದಳು. "ತೆಗೆದು ತೋರಿಸಿದ್ರಾ?"

ಅವನು ಚೀಲವನ್ನು ತನ್ನ ಕಡೆಗೆ ಎಳೆದುಕೊಂಡ.

"ಹಂಗಾದ್ರೆ ಹೇಳಿದ ಹಂಗೇನಾಯ್ತು ಮಾತುವಾ" ಎಂದಳು ಅವಳು, ಆಕ್ಷೇಪಣೆ ಏನೂ ಇಲ್ಲದೆ, ತಪ್ಪು ಲೆಕ್ಕ ತಿದ್ದುವವಳ ಹಾಗೆ. "ಈಗ ತೆಗೀರಿ. ಇನ್ನೊಂದು ಇದ್ರೆ ಬಸ್ಸಲ್ಲಿ ಓಡಾಡುತ್ತೆ."

ಅವನು ತೆರೆಯಲಿಲ್ಲ. ಅವಳೇ ಜಿಪ್ಪು ಎಳೆದಳು, ಅವನು ತಡೆಯಲಿಲ್ಲ. ಬೋನು ಬಿಚ್ಚುವವಳ ನಿಧಾನದಲ್ಲಿ ಒಂದೊಂದನ್ನೇ ಎತ್ತಿ ಹುಲ್ಲಿನ ಮೇಲೆ ಇಟ್ಟಳು. ಬನಿಯನ್ನು, ಕಾಲುಚೀಲ, ಚಡ್ಡಿ, ರೇಜರು, ಮುಲಾಮು. ಯಾವುದನ್ನೂ ಎರಡನೆಯ ಸಲ ನೋಡಲಿಲ್ಲ. ತಳದಲ್ಲಿದ್ದ ಹಳೆಯ ಟವಲನ್ನು ಎತ್ತಿದವಳು ನಿಂತಳು. ಮಡಿಕೆಯೊಳಗೆ ನೂಲು, ಕಾಗದ, ಕೂದಲು ಸೇರಿಸಿ ಹೊಸೆದ ಒಂದು ಬಟ್ಟಲು. ಅದರಲ್ಲಿ ಗೋಡಂಬಿಯಷ್ಟು ದೊಡ್ಡ, ಕೆಂಪು ಚರ್ಮದ, ಕಣ್ಣಿಲ್ಲದ ಆರು ಮರಿಗಳು ಒಂದರ ಮೇಲೊಂದು ಮಿಸುಕುತ್ತಿದ್ದವು.

"ನಿನ್ನೆ ರಾತ್ರಿ ಹೆತ್ತಿರೋದು" ಎಂದಳು ತಿರಿಯಾ. "ತಾಯಿ ಬೇಲಿ ಒಳಗಿದೆ. ಹೆತ್ತ ದಿನಾನೇ ಮತ್ತೆ ಬಸುರಾಗ್ತವೆ ಇವು. ಒಂದು ಅಂತ ಅಂದ್ಕೊಂಡಿದಾರೆ ಅವರು, ಒಂದಲ್ಲ."

ಆಗಲೇ ಗೇಟು ತೆರೆದು ಮಕ್ಕಳು ಹೊರಗೆ ಬಂದವು, ಹಿಂದೆ ಆನೆಕಾ, ಹೆಸ್ಟರ್. ಗ್ಯಾರಿಟಿ ಬಗ್ಗಿ ಬಾಚತೊಡಗಿದ. ಮೊದಲು ಮುಲಾಮು, ಆಮೇಲೆ ಚಡ್ಡಿಗಳು, ಒಂದು ಕೈಗೆ ಸಿಕ್ಕಿದರೆ ಇನ್ನೊಂದು ಜಾರಿತು. ಅವನ ತಲೆಯಲ್ಲಿ ಆಗಲೇ ಮೂರು ಉತ್ತರ ತಯಾರಿದ್ದವು: ಈಜಲು ಹೋಗುವವನಿದ್ದೆ, ಬಟ್ಟೆ ಒಗೆಯಲು ಕೊಡುವವನಿದ್ದೆ, ವಾರದ ಕೊನೆಗೆ ತಮ್ಮನ ಊರಿಗೆ. ತಿರಿಯಾ ಟವಲನ್ನು ಎರಡೂ ಕೈಯಲ್ಲಿ ಹಿಡಿದು ನೇರ ಹೆಸ್ಟರಳ ಬಳಿ ಹೋದಳು.

"ಆರು ಮರಿ ಮಿಸ್. ಇನ್ನೂ ಹಾಲು ಕುಡಿಯೋವು."

ಹೆಸ್ಟರ್ ಬಗ್ಗಿ ನೋಡಿದಳು. "ಎಲ್ಲಿತ್ತು ಇದು?"

ತಿರಿಯಾ ಹೇಳಲಿಲ್ಲ. ತಿರುಗಿಯೂ ನೋಡಲಿಲ್ಲ. ಟವಲಿನ ಅಂಚನ್ನು ಮರಿಗಳ ಮೇಲೆ ಮಡಿಸುತ್ತ ನಿಂತಳು. ಅಷ್ಟು ಹೊತ್ತು ಅವನಿಗೆ ಸಿಕ್ಕಿತು. ತಿರಿಯಾಳ ಚೀಲವೂ ಅಲ್ಲೇ ಹುಲ್ಲಿನ ಮೇಲಿದೆ ಎಂಬುದನ್ನು ನೋಡಲಿಕ್ಕೆ ಕೂಡ ಸಾಕಾಗುವಷ್ಟು.

"ನನ್ನ ಬ್ಯಾಗಲ್ಲಿ" ಎಂದ ಅವನು, ಕೈತುಂಬ ಒಳಬಟ್ಟೆ ಹಿಡಿದುಕೊಂಡು. "ಇದೇ ಇದು."

ಹೆಸ್ಟರಳ ಮುಖದಿಂದ ಆ ತಿಳಿನಗೆ ಮೊದಲ ಬಾರಿಗೆ ಅಳಿಸಿಹೋಯಿತು. ಅದರ ಕೆಳಗೆ ಇದ್ದದ್ದು ಗಟ್ಟಿಯಾದ, ಸಾಮಾನ್ಯವಾದ, ದಣಿದ ಒಂದು ಮುಖ. "ಹೇಳೋದಲ್ಲ ರೀ. ಅಲ್ಲೇ ಸುರೀಬೇಕಿತ್ತು. ಎರಡು ಗಂಟೆ ಹೋಯ್ತು" ಎಂದು, ಅವನಿಂದ ಕಣ್ಣು ತೆಗೆದು ಹುಡುಗಿಯ ಕಡೆ ತಿರುಗಿದಳು. "ಚಿಟ್ಟಿಲಿ ಬೋನು ಹೂಡೋಕೆ ಬರುತ್ತಾ ನಿಂಗೆ?"

"ಬರುತ್ತೆ. ಕಡಲೆಕಾಯಿ ಬೆಣ್ಣೆ ಕಮ್ಮಿ ಹಾಕ್ಬೇಕು. ಎಲ್ಲರೂ ಜಾಸ್ತಿ ಹಾಕ್ತಾರೆ."

"ಬಾ."

ತಪ್ಪಾಯಿತೆಂದು ಹೆಸ್ಟರ್ ಹೇಳಲಿಲ್ಲ, ತಿರಿಯಾ ಕಾಯಲೂ ಇಲ್ಲ. ಸಂಜೆ ಅಜ್ಜಿಗೆ ಫೋನು ಮಾಡಿ ಮನೆಗೆ ಬಿಡುತ್ತೇನೆ ಎಂದು ಮುದುಕಿ ಆನೆಕಾಳಿಗೆ ಕೂಗಿದಳು. ಇಬ್ಬರೂ ಗೇಟಿನೊಳಗೆ ಹೋದರು. ಬಲೆಯ ಹಿಂದೆ ಎರಡು ಜಡೆಗಳು ಬೇಗಬೇಗ ನಡೆದು ಮರಗಳಲ್ಲಿ ಮರೆಯಾದವು. ಆನೆಕಾ ಮಕ್ಕಳ ತಲೆ ಎಣಿಸಿ ಬಸ್ಸು ಹತ್ತಿಸತೊಡಗಿದಳು. ಅವಳಿಗೂ ಅವಸರ. ನಾಲ್ಕಕ್ಕೆ ಸಾಸ್ಕಿಯಾಗೆ ಪಿಯಾನೋ ಪಾಠ ಇತ್ತು. ಗ್ಯಾರಿಟಿ ಹುಲ್ಲಿನ ನಡುವೆ ನಿಂತಿದ್ದ, ಕಂಕುಳಲ್ಲಿ ಚಡ್ಡಿಗಳು, ಕಾಲ ಬಳಿ ಒಂದು ಬನಿಯನ್ನು, ನಾಲಿಗೆಯ ತುದಿಯಲ್ಲಿ ಆ ಮೂರು ಉತ್ತರಗಳು. ಕಾಡು ನೋಡಲು ಬರುವ ಮೇಷ್ಟ್ರು ಇದನ್ನೆಲ್ಲ ಯಾಕೆ ಹೊತ್ತು ತಂದ ಎಂದು ಯಾರಾದರೂ ಕೇಳಲಿ ಎಂದು ಅವನು ಕಾಯುತ್ತಿದ್ದ. ಯಾರೂ ಕೇಳಲಿಲ್ಲ. ಮಕ್ಕಳು ಒಬ್ಬರ ಹಿಂದೊಬ್ಬರು ಅವನ ಬನಿಯನ್ನನ್ನು ದಾಟಿಕೊಂಡು, ಹಕ್ಕಿ ಹೇಗೆ ಕಿರುಚಿತು ಎಂದು ಒಬ್ಬರಿಗೊಬ್ಬರು ಕಿರುಚಿ ತೋರಿಸುತ್ತ ಬಸ್ಸು ಹತ್ತಿದವು.